ಷರಾ

ಪಾಠ ಹೇಳುವವರ ಕೋಪಕ್ಕೆ ಒಂದು ಅನುಕೂಲವಿದೆ. ಎದುರಿಗೆ ನಿಂತವರು ಅದು ನ್ಯಾಯವೋ ಅನ್ಯಾಯವೋ ಎಂದು ಕೇಳುವುದಿಲ್ಲ, ತಲೆ ತಗ್ಗಿಸುತ್ತಾರೆ. ವರ್ಷಗಟ್ಟಲೆ ಹೀಗೆ ತಗ್ಗಿದ ತಲೆಗಳನ್ನು ನೋಡಿ ನೋಡಿ ನಮ್ಮ ಕೋಪವೆಲ್ಲ ನ್ಯಾಯವಾದದ್ದೇ ಎಂಬ ಭ್ರಮೆ ನಮಗೆ ಹುಟ್ಟಿಬಿಡುತ್ತದೆ. 2022ರ ಆಷಾಢದ ಒಂದು ಸಂಜೆ ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಮನೆಯ ಜಗಲಿಯಲ್ಲೇ ನಿಲ್ಲಿಸಿ ಗದರಿದೆ. ಅವನಿಗೆ ಆಗ ಇಪ್ಪತ್ತಾರು ವರ್ಷ. ಬೆಂಗಳೂರಿನಲ್ಲಿ ಕೆಲಸ. ಟೀಚರಿಗಿಂತ ಹೆಚ್ಚು ಸಂಬಳ ಎಂದು ಅವನ ತಾಯಿ ಸಿಕ್ಕಾಗಲೆಲ್ಲ ಹೇಳುತ್ತಾರೆ. ಆದರೂ ಅವನು ಎಂಟನೇ ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಒಂದು ಕಾಲಿನ ಮೇಲೆ ಭಾರ ಹಾಕಿ, ಕೊಡೆಯಿಂದ ನೀರು ಇಳಿಯುವುದನ್ನೇ ನೋಡುತ್ತಾ ನಿಂತಿದ್ದ.

ಅವನು ಬಂದ ವಿಷಯ ಹೀಗೆ. ಕೆಲವರಿಗೆ ರಾತ್ರಿ ಚದುರಂಗ ಆಡುವ ಚಟವಿರುವಂತೆ ಇವನಿಗೆ ಗೂಗಲ್ಲಿನಲ್ಲಿ ಹುಡುಕುವ ಚಟ. ನಾವು ಸಾರಿನ ಪುಡಿಯ ಅಳತೆ ಹುಡುಕುವ ಹಾಗಲ್ಲ. ಯಾವ ಸಂಸ್ಥೆಯ ಯಾವ ಕಡತ ಎಲ್ಲಿ ಅಜಾಗರೂಕತೆಯಿಂದ ತೆರೆದುಕೊಂಡು ಬಿದ್ದಿದೆ ಎಂದು ಹುಡುಕುವುದು, ಸಿಕ್ಕರೆ ಸಂಬಂಧಪಟ್ಟವರಿಗೆ ಬರೆದು ತಿಳಿಸುವುದು. ಒಂದು ರಾತ್ರಿ ಸುಮ್ಮನೆ ನಮ್ಮೂರಿನ ಹೆಸರು, ಅದರ ಜತೆ ಆಧಾರ್ ಎಂಬ ಮಾತು, ಮತ್ತೆ ತನಗೆ ಗೊತ್ತಿರುವ ಒಂದೆರಡು ಸಂಕೇತ ಸೇರಿಸಿ ನೋಡಿದನಂತೆ. ಮೇಲಿನ ಸಾಲಿನಲ್ಲೇ ನಮ್ಮ ಶಾಲೆಯ ಪಟ್ಟಿ ಬಂತು. ಇನ್ನೂರು ಚಿಲ್ಲರೆ ಮಕ್ಕಳ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜಾತಿ, ವಾರ್ಷಿಕ ಆದಾಯ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರು. ಕೊನೆಯಲ್ಲಿ ಷರಾ ಎಂಬ ಕಾಲಂ. ಆ ಪಟ್ಟಿ ಮಾಡಿದವಳು ನಾನು. ಷರಾ ಬರೆದವಳೂ ನಾನೇ.

"ನಿನಗೆ ಯಾರೋ ನೋಡು ಅಂದಿದ್ದು? ಇನ್ನೊಬ್ಬರ ಮನೆ ಬಾಗಿಲು ತೆಗೆದಿದ್ದರೆ ಒಳಗೆ ನುಗ್ಗುತ್ತೀಯಾ? ಇದನ್ನೇ ನಾನು ಕಲಿಸಿದ್ದು?" ಎಂದೆ. ಇನ್ನೂ ಏನೇನೋ ಅಂದೆ. ಅವನು ಎಲ್ಲ ಕೇಳಿಸಿಕೊಂಡು, "ಆಮೇಲೆ ಬಯ್ಯಿರಿ ಮೇಡಂ. ಮೊದಲು ಅದನ್ನ ಮುಚ್ಚಿ" ಎಂದ. ನನ್ನ ಫೋನನ್ನೇ ತೆಗೆದುಕೊಂಡು ಎಲ್ಲಿ ಒತ್ತಬೇಕೆಂದು ತೋರಿಸಿದ. ಒಂದು ಕಡೆ ಒತ್ತಿದರೆ ಒಂದು ಸಣ್ಣ ಪಟ್ಟಿ ಬಿಚ್ಚಿಕೊಂಡಿತು. ಅದರಲ್ಲಿ 'ಲಿಂಕ್ ಇರುವ ಯಾರೇ ಆದರೂ' ಎಂದಿದ್ದದ್ದನ್ನು 'ನಿರ್ಬಂಧಿತ' ಎಂದು ಬದಲಿಸಿದೆವು. ಒಳಗೆ ಒಲೆಯ ಮೇಲಿಟ್ಟ ಹಾಲು ಇನ್ನೂ ಉಕ್ಕಿರಲಿಲ್ಲ.

ತೆರೆದದ್ದಾದರೂ ಹೇಗೆ ಎನ್ನುತ್ತೀರಿ. ನಾನೇ ತೆರೆದೆ. 2020ರಲ್ಲಿ ಶಾಲೆ ಮುಚ್ಚಿ ನಾವೆಲ್ಲ ಮನೆಯಲ್ಲಿ ಕುಳಿತಿದ್ದಾಗ ವಿದ್ಯಾರ್ಥಿವೇತನದ ವಿವರ ಕೊಡಬೇಕಾಯಿತು. ರಿಜಿಸ್ಟರು ಶಾಲೆಯ ಬೀರುವಿನಲ್ಲಿ, ನಾವು ಎಂಟು ಊರುಗಳಲ್ಲಿ. ನಾನು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿ ಎಲ್ಲರೂ ಅವರವರ ತರಗತಿಯ ಮಕ್ಕಳ ವಿವರ ತುಂಬಲಿ ಎಂದು ಹಂಚಿದೆ. ಒಬ್ಬೊಬ್ಬರಿಗೂ ಅನುಮತಿ ಕೊಡಬೇಕಿತ್ತು. ಹಿಂದಿ ಮೇಷ್ಟ್ರಿಗೆ ಎರಡು ಇಮೇಲ್, ಯಾವುದರಿಂದ ತೆರೆಯುತ್ತಿದ್ದೇನೆಂದು ಅವರಿಗೇ ತಿಳಿಯದು. ಡ್ರಿಲ್ ಮೇಷ್ಟ್ರು ಮಗನ ಫೋನಿನಿಂದ ಕೇಳುತ್ತಿದ್ದರು. ಊಟಕ್ಕೆ ಕುಳಿತರೆ ಅನುಮತಿ ಕೊಡಿ, ಮಲಗಿದರೆ ಅನುಮತಿ ಕೊಡಿ. ಬೇಸತ್ತು ಒಂದು ಮಧ್ಯಾಹ್ನ 'ಯಾರೇ ಆದರೂ' ಎಂಬುದನ್ನು ಒತ್ತಿದೆ. ಅಷ್ಟರಿಂದಲೇ ಅದು ಹುಡುಕಾಟಕ್ಕೆ ಸಿಗುತ್ತಿರಲಿಲ್ಲವಂತೆ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಲಿಂಕು ದಿನಕ್ಕೊಮ್ಮೆ ಕಳೆದುಹೋಗುತ್ತಿದೆ ಎಂದು ನಾವು ಅದನ್ನು ಶಾಲೆಯ ವೆಬ್‌ಸೈಟಿನ ಸೂಚನಾ ಪುಟದಲ್ಲೂ ಹಾಕಿದೆವು. ಗೂಗಲ್ ಆ ಪುಟವನ್ನು ಓದಿತು. ಅಲ್ಲಿಂದ ಲಿಂಕನ್ನು ಹಿಡಿದು ಪಟ್ಟಿಯನ್ನೂ ಓದಿತು. ವಿದ್ಯಾರ್ಥಿವೇತನ ಬಂದು ಮಕ್ಕಳು ಅದನ್ನು ಖರ್ಚು ಮಾಡಿ ಮರೆತ ಮೇಲೂ ಆ ಪಟ್ಟಿ ಹಾಗೇ ಬಿದ್ದಿತ್ತು.

ಒಂದೂವರೆ ವರ್ಷಕ್ಕೂ ಮೇಲ್ಪಟ್ಟು. ಅಷ್ಟು ದಿನದಲ್ಲಿ ಯಾರು ನೋಡಿದರು ಎಂದು ಹುಡುಗನನ್ನು ಕೇಳಿದೆ. ಹಾಗೆ ತೆರೆದಿಟ್ಟದ್ದನ್ನು ಹೆಸರಿಲ್ಲದೆ ಬಂದು ನೋಡಿ ಹೋದವರ ಗುರುತು ನಮಗೆ ಸಿಗುವುದಿಲ್ಲ ಎಂದ. ಗೂಗಲ್ ತಾನು ಓದಿದ ಪುಟದ ಒಂದು ಪ್ರತಿಯನ್ನು ಆಗೆಲ್ಲ ಇಟ್ಟುಕೊಂಡು ತೋರಿಸುತ್ತಿತ್ತು. ಅದನ್ನು ತೆಗೆಸಲು ಬೇರೆ ಅರ್ಜಿ ಹಾಕಬೇಕಾಯಿತು. ಅದನ್ನೂ ಅವನೇ ಕುಳಿತು ಮಾಡಿದ. ಕಾಫಿ ಕುಡಿಯದೆ ಹೋದ.

ಅವನು ಮಾಡಿದ ಹುಡುಕಾಟಕ್ಕೆ ಒಂದು ಹೆಸರಿದೆ ಎಂದು ಆಮೇಲೆ ತಿಳಿಯಿತು. ಹುಡುಕುವ ಯಂತ್ರದ ಮುಂದೆ ಬರಿಯ ಪದ ಇಟ್ಟರೆ ಅದು ಲಕ್ಷಾಂತರ ಪುಟ ತಂದು ಸುರಿಯುತ್ತದೆ. 'ಸೈಟ್' ಎಂದು ಬರೆದು ಒಂದು ವಿಳಾಸ ಕೊಟ್ಟರೆ ಆ ವಿಳಾಸದೊಳಗೆ ಮಾತ್ರ ನೋಡುತ್ತದೆ. 'ಫೈಲ್‌ಟೈಪ್' ಎಂದು ಬರೆದರೆ ಎಕ್ಸೆಲ್ ಪಟ್ಟಿಯೋ ಪಿಡಿಎಫ್ಫೋ, ಕೇಳಿದ ಬಗೆಯ ಕಡತವನ್ನು ಮಾತ್ರ. ಎರಡು ಉದ್ಧರಣ ಚಿಹ್ನೆಗಳ ನಡುವೆ ಬರೆದರೆ ಆ ಪದಗಳೇ ಅದೇ ಕ್ರಮದಲ್ಲಿರುವ ಕಡೆ ಮಾತ್ರ. ಇದರಲ್ಲಿ ಕಳ್ಳಗೀಲಿ ಯಾವುದೂ ಇಲ್ಲ. ಗ್ರಂಥಪಾಲಕರಿಗೂ ಸಂಶೋಧನೆ ಮಾಡುವವರಿಗೂ ಅನುಕೂಲವಾಗಲೆಂದು ಗೂಗಲ್ಲೇ ಕೊಟ್ಟ ಸೌಲಭ್ಯ. ಇವುಗಳನ್ನು ಹೆಣೆದರೆ ಜನ ಮುಚ್ಚಲು ಮರೆತ ಕಡತಗಳು ಸಾಲಾಗಿ ಬರುತ್ತವೆ ಎಂದು ಕಂಡ ಜಾನಿ ಲಾಂಗ್ ಎಂಬ ಅಮೆರಿಕದ ಭದ್ರತಾ ತಜ್ಞರು 2002ರ ಸುಮಾರಿಗೆ ಇಂಥ ಸಾಲುಗಳನ್ನು ಸಂಗ್ರಹಿಸತೊಡಗಿದರು. ಅವರು ಇಟ್ಟ ಹೆಸರು ಗೂಗಲ್ ಡೋರ್ಕ್. ಡೋರ್ಕ್ ಎಂದರೆ ಅಲ್ಲಿನ ಆಡುಮಾತಿನಲ್ಲಿ ಪೆದ್ದ. ಮೊದಲು ಆ ಹೆಸರು ಹುಡುಕುವವನಿಗೆ ಇಟ್ಟದ್ದಲ್ಲ, ಬಾಗಿಲು ಹಾಕದೆ ಗೂಗಲ್ಲಿನ ಕೈಗೆ ಸಿಕ್ಕಿಬಿದ್ದವರಿಗೆ ಇಟ್ಟದ್ದು. ಅದನ್ನು ಓದಿದ ದಿನ ನನಗೆ ನಗು ಬಂತು. ಇಷ್ಟು ವರ್ಷ ಎಷ್ಟು ಮಕ್ಕಳನ್ನು ಪೆದ್ದ ಎಂದು ಕರೆದಿದ್ದೇನೋ, ನನ್ನನ್ನು ಕರೆಯುವವರು ಅಮೆರಿಕದಲ್ಲಿ ಇದ್ದರು.

ಇಂಥ ಕಡತಗಳು ಇರುವ ಜಾಗಕ್ಕೆ ಕ್ಲೌಡ್ ಎನ್ನುತ್ತಾರೆ. ಮೋಡ ಎಂಬ ಹೆಸರಿಟ್ಟವರು ಜಾಣರು, ಏಕೆಂದರೆ ಮೋಡಕ್ಕೆ ಬಾಗಿಲೂ ಇಲ್ಲ, ಒಡೆಯನೂ ಇಲ್ಲ ಎಂದು ನಮಗೆ ಅನ್ನಿಸಿಬಿಡುತ್ತದೆ. ಅದು ನಿಜವಾಗಿ ಯಾರದೋ ಕಟ್ಟಡದಲ್ಲಿ ಸಾಲಾಗಿ ಇಟ್ಟ ಯಂತ್ರಗಳು. ಅಮೆಜಾನ್ ಕಂಪೆನಿ 2006ರಲ್ಲಿ ಇಂಥ ಜಾಗವನ್ನು ಬಾಡಿಗೆಗೆ ಕೊಡಲು ಶುರು ಮಾಡಿತು. ಅಲ್ಲಿ ಕಡತ ತುಂಬಿಡುವ ಪಾತ್ರೆಗೆ ಬಕೆಟ್ ಎಂದೇ ಹೆಸರು. ಬಕೆಟ್ಟು ಮುಚ್ಚಿಕೊಂಡೇ ಬರುತ್ತಿತ್ತು, ತೆರೆಯುತ್ತಿದ್ದವರು ನನ್ನಂಥವರು. 2017ರ ಜೂನಿನಲ್ಲಿ ಅಮೆರಿಕದ 19.8 ಕೋಟಿ ಮತದಾರರ ಹೆಸರು, ವಿಳಾಸ, ಹುಟ್ಟಿದ ದಿನ, ಯಾವ ವಿಷಯದಲ್ಲಿ ಯಾರ ಒಲವು ಎತ್ತ ಇರಬಹುದೆಂಬ ಲೆಕ್ಕಾಚಾರ ಸಹಿತ ಅಂಥದೊಂದು ಬಕೆಟ್ಟಿನಲ್ಲಿ ಪಾಸ್‌ವರ್ಡಿಲ್ಲದೆ ಬಿದ್ದಿದ್ದನ್ನು ಕ್ರಿಸ್ ವಿಕರಿ ಎಂಬ ಸಂಶೋಧಕರು ಕಂಡು ತಿಳಿಸಿದರು. ಚುನಾವಣೆಯ ಲೆಕ್ಕ ಹಾಕುವ ಒಂದು ಕಂಪೆನಿ ಅದನ್ನು ಇಟ್ಟಿತ್ತು. 2023ರ ಏಪ್ರಿಲಿನಿಂದ ಅಮೆಜಾನಿನವರು ಪ್ರತಿ ಹೊಸ ಬಕೆಟ್ಟಿಗೂ, ಅಕಸ್ಮಾತ್ತಾಗಿ ತೆರೆಯಲಾಗದಂತೆ, ಇನ್ನೊಂದು ಅಗುಳಿ ಜಡಿದೇ ಕೊಡುತ್ತಿದ್ದಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನಬಹುದು. ಹಾಕಿದರಲ್ಲ ಎಂದೂ ಅನ್ನಬಹುದು.

ನಾನು ಆ ಹುಡುಗನಿಗೆ ಕೇಳಿದ ಪ್ರಶ್ನೆಯನ್ನು ಮಾತ್ರ ಮನಸ್ಸು ಬಿಡಲಿಲ್ಲ. ತೆರೆದ ಬಾಗಿಲೊಳಗೆ ನೋಡುವುದು ತಪ್ಪೇ?

ನಾನು ಹುಟ್ಟಿದ ಮನೆಯ ಮುಂಬಾಗಿಲಿಗೆ ಹಗಲು ಹೊತ್ತು ಚಿಲಕ ಹಾಕಿದ್ದು ನೆನಪಿಲ್ಲ. ಯಾರು ಬೇಕಾದರೂ ಜಗಲಿಯವರೆಗೆ ಬರಬಹುದು, ಕವಳದ ತಟ್ಟೆ ಎಳೆದುಕೊಂಡು ಕೂರಬಹುದು. ನಡುಮನೆಯ ಹೊಸ್ತಿಲು ದಾಟಬೇಕಾದರೆ ಕರೆಯಬೇಕು. ಅದನ್ನು ಯಾರೂ ಎಲ್ಲೂ ಬರೆದು ಹಾಕಿರಲಿಲ್ಲ. ಬಾಗಿಲು ತೆರೆದಿದೆ ಎಂಬುದಕ್ಕೂ ಒಳಗೆ ಬಾ ಎಂಬುದಕ್ಕೂ ಇರುವ ವ್ಯತ್ಯಾಸ ನಾಯಿಗಳಿಗೂ ತಿಳಿದಿತ್ತು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಕೇರಿಯ ಹೆಂಗಸರಲ್ಲಿ ಹೆಚ್ಚಿನವರಿಗೂ ಬರುತ್ತಿರಲಿಲ್ಲ. ಹತ್ತು ಹನ್ನೊಂದನೆಯ ವಯಸ್ಸಿಗೆ ನಾನು ಅವರ ಕಾಗದ ಓದುವ ಹುಡುಗಿಯಾಗಿದ್ದೆ. ಹುಬ್ಬಳ್ಳಿಯ ಹೋಟೆಲಿನಲ್ಲಿದ್ದ ಮಗನ ಕಾರ್ಡು, ಮುಂಬಯಿಗೆ ಹೋಗಿ ಮೂರು ವರ್ಷವಾದ ಗಂಡನ ಇನ್‌ಲ್ಯಾಂಡು. ಕಾರ್ಡಾದರೆ ಎಲ್ಲರ ಕಣ್ಣಿಗೂ ಬೀಳುವಂಥದ್ದು, ಪೋಸ್ಟಿನವನು ದಾರಿಯಲ್ಲೇ ಓದಿಕೊಂಡು ಬರುತ್ತಿದ್ದ. ಆದರೂ ಅಜ್ಜಿ ನನಗೆ ಒಂದು ಕಟ್ಟಪ್ಪಣೆ ಮಾಡಿದ್ದಳು. "ಓದಿ ಹೇಳಿ ಬಂದ ಮೇಲೆ ಬಾವಿಕಟ್ಟೆ ಹತ್ರ ಬಾಯಿ ಬಿಡಕೂಡದು. ಅವಳು ನಿನ್ನ ಕಣ್ಣು ಸಾಲ ತಗಂಡಿದಾಳೆ, ನಾಲಿಗೆ ಅಲ್ಲ." ಒಮ್ಮೆ ಬಾಯಿ ಬಿಟ್ಟೆ. ಮುಂಬಯಿಯ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ ಸುದ್ದಿ ಅದು. ಆಟದ ನಡುವೆ ಗೆಳತಿಗೆ ಹೇಳಿಬಿಟ್ಟೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅಜ್ಜಿ ಹೊಡೆಯಲಿಲ್ಲ, ನನ್ನ ಕೈ ಹಿಡಿದು ಆ ಹೆಂಗಸಿನ ಮನೆಗೆ ಕರೆದುಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿದಳು. ಆಕೆ ಒಳಗಿಂದ ಹೊರಗೆ ಬರಲೇ ಇಲ್ಲ. ಮುಂದೆ ಆಕೆಯ ಕಾಗದ ಓದಲು ನನ್ನನ್ನು ಯಾರೂ ಕರೆಯಲಿಲ್ಲ.

ಈಗ ಕೇರಿಯ ಕಾಗದಗಳನ್ನೆಲ್ಲ ಓದುವ ಕೆಲಸ ಯಂತ್ರದ್ದು. ಅದಕ್ಕೆ ಕಣ್ಣಿದೆ, ನಾಲಿಗೆಯೂ ಇದೆ, ಅಜ್ಜಿ ಮಾತ್ರ ಇಲ್ಲ. ಕೇಳಿದವರಿಗೆಲ್ಲ ಓದಿ ಹೇಳುತ್ತದೆ.

ಹಾಗಾದರೆ ಯಂತ್ರದ ಬಳಿ ಹೋಗಿ ಕೇಳುವವನದೇ ತಪ್ಪು ಎನ್ನೋಣವೇ? ಹಾಗೆ ಅನ್ನುವ ಆತುರ ದೊಡ್ಡ ದೊಡ್ಡವರಲ್ಲೂ ಇದೆ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಒಂದು ವರದಿ ಪ್ರಕಟಿಸಿತು. ಪಿಂಚಣಿ, ಉದ್ಯೋಗ ಖಾತರಿ ಮುಂತಾದ ಯೋಜನೆಗಳ ನಾಲ್ಕು ಸರ್ಕಾರಿ ಜಾಲತಾಣಗಳಲ್ಲಿ ಫಲಾನುಭವಿಗಳ ಆಧಾರ್ ಸಂಖ್ಯೆಗಳು ಬಹಿರಂಗವಾಗಿ ಬಿದ್ದಿವೆ, ಅವು 13 ಕೋಟಿಯಿಂದ 13.5 ಕೋಟಿ ಇರಬಹುದು, ಬ್ಯಾಂಕ್ ಖಾತೆಗಳು ಸುಮಾರು 10 ಕೋಟಿ ಇರಬಹುದು ಎಂಬ ಅಂದಾಜು ಅದರಲ್ಲಿತ್ತು. ಆಧಾರ್ ಪ್ರಾಧಿಕಾರ ಆ ಸಂಸ್ಥೆಗೇ ಪತ್ರ ಬರೆದು, ಕಾನೂನುಬಾಹಿರವಾಗಿ ಒಳಹೊಕ್ಕದೆ ಈ ಮಾಹಿತಿ ಸಿಗುವುದು ಹೇಗೆ ಎಂಬ ಧಾಟಿಯಲ್ಲಿ ವಿವರಣೆ ಕೇಳಿತೆಂದು ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ನವೆಂಬರಿನಲ್ಲಿ, ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೊಟ್ಟ ಉತ್ತರದಲ್ಲಿ, ಸುಮಾರು 210 ಸರ್ಕಾರಿ ಜಾಲತಾಣಗಳು ಫಲಾನುಭವಿಗಳ ಆಧಾರ್ ವಿವರ ಪ್ರದರ್ಶಿಸಿದ್ದು ಗಮನಕ್ಕೆ ಬಂದು ತೆಗೆಸಲಾಗಿದೆ ಎಂದು ಪ್ರಾಧಿಕಾರವೇ ಹೇಳಿತು. ಆ ಎರಡರ ನಡುವೆ, ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆ ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಸಮಾಜ ವಿಜ್ಞಾನದ ತರಗತಿಯಲ್ಲಿ ಈ ತೀರ್ಪನ್ನು ನಾನು ಬಹಳ ಅಭಿಮಾನದಿಂದ ಹೇಳುತ್ತಿದ್ದೆ. ಅದನ್ನು ಹೇಳುತ್ತಿದ್ದ ದಿನಗಳಲ್ಲೇ ನನ್ನ ಪಟ್ಟಿ ತೆರೆದು ಬಿದ್ದಿತ್ತು.

ನನಗೆ ಹೆಚ್ಚು ನಾಟಿದ್ದು ಇನ್ನೊಂದು ಪ್ರಸಂಗ, ಅದು ಮೇಷ್ಟರುಗಳದ್ದು ಎಂಬ ಕಾರಣಕ್ಕೆ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಶಿಕ್ಷಕರ ಅರ್ಹತೆಯನ್ನು ಯಾರು ಬೇಕಾದರೂ ಪರಿಶೀಲಿಸಲು ಶಿಕ್ಷಣ ಇಲಾಖೆಯ ಒಂದು ಪುಟವಿತ್ತು. 2021ರ ಅಕ್ಟೋಬರಿನಲ್ಲಿ ಸೇಂಟ್ ಲೂಯಿಸ್ ಪೋಸ್ಟ್ ಡಿಸ್ಪ್ಯಾಚ್ ಪತ್ರಿಕೆಯ ವರದಿಗಾರರೊಬ್ಬರು, ಆ ಪುಟದ ಹಿಂದಿನ ಬರಹದಲ್ಲಿ ಶಿಕ್ಷಕರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳಿರುವುದನ್ನು ಕಂಡರು. ಆ ಹಿಂಬರಹವನ್ನು ಯಾವ ಕಂಪ್ಯೂಟರಿನಲ್ಲಾದರೂ ಒಂದು ಗುಂಡಿ ಒತ್ತಿ ನೋಡಬಹುದು. ಒಂದು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಸಂಖ್ಯೆಗಳು ಹಾಗೆ ಸಿಗುವಂತಿದ್ದವು. ಪತ್ರಿಕೆ ಇಲಾಖೆಗೆ ತಿಳಿಸಿತು. ಪುಟ ತೆಗೆಯುವ ತನಕ ಕಾದು ಆಮೇಲೆ ಸುದ್ದಿ ಹಾಕಿತು. ಇದಕ್ಕಿಂತ ಮರ್ಯಾದೆಯಾಗಿ ನಡೆದುಕೊಳ್ಳುವುದು ಹೇಗೆ? ಆದರೆ ಅಲ್ಲಿನ ಗವರ್ನರ್ ಮೈಕ್ ಪಾರ್ಸನ್ ಆ ವರದಿಗಾರರನ್ನು ಹ್ಯಾಕರ್ ಎಂದು ಕರೆದು, ಮೊಕದ್ದಮೆ ಹೂಡಿಸುವ ಮಾತಾಡಿದರು. ಇಲಾಖೆಯವರು ಮೊದಲು ಪತ್ರಿಕೆಗೆ ಕೃತಜ್ಞತೆ ಹೇಳುವ ಮಾತನ್ನೇ ಬರೆದಿಟ್ಟುಕೊಂಡಿದ್ದರೆಂದು ಅವರ ಕಾಗದಪತ್ರಗಳಿಂದ ಆಮೇಲೆ ಹೊರಬಿತ್ತು. ನಾಲ್ಕು ತಿಂಗಳ ನಂತರ, 2022ರ ಫೆಬ್ರವರಿಯಲ್ಲಿ, ಮೊಕದ್ದಮೆ ಹೂಡುವುದಿಲ್ಲ ಎಂದು ಸರ್ಕಾರಿ ವಕೀಲರು ಹೇಳಿದರು.

ಕೃತಜ್ಞತೆಯ ಮಾತು ಬರೆದಾದ ಮೇಲೆ ಅದು ಬೈಗುಳವಾದದ್ದು ಹೇಗೆ ಎಂದು ಆಲೋಚಿಸುವಾಗ ನನಗೆ ಆ ಗವರ್ನರ್ ಏನೂ ದೂರದವರಾಗಿ ಕಾಣಲಿಲ್ಲ. ನಮ್ಮ ಜಗಲಿಯಲ್ಲಿ ನಡೆದದ್ದೂ ಅದೇ. ಹುಡುಗ ನೋಡಿದ್ದು ನನಗೆ ನೋವಾಗಲಿಲ್ಲ. ನಾನು ತೆರೆದಿಟ್ಟದ್ದು ಅವನ ಕಣ್ಣಿಗೆ ಬಿತ್ತಲ್ಲ, ಅದು ನೋವಾಯಿತು. ನಾಚಿಕೆ ಕೋಪದ ವೇಷ ಹಾಕಿಕೊಂಡು ಬಂತು. ಅದನ್ನು ನೀತಿಯ ಪ್ರಶ್ನೆ ಎಂದು ನಾನು ತಿಳಿದೆ.

ಕೆನಡಾದ ನೋವಾ ಸ್ಕೋಶಿಯಾದಲ್ಲಿ 2018ರಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಸರ್ಕಾರಿ ಜಾಲತಾಣದಲ್ಲಿ ವಿಳಾಸದ ಕೊನೆಯ ಅಂಕಿಯನ್ನು ಒಂದೊಂದಾಗಿ ಬದಲಿಸುತ್ತಾ ಸುಮಾರು 7,000 ಕಡತ ಇಳಿಸಿಕೊಂಡ. ಎಲ್ಲವೂ ಸಾರ್ವಜನಿಕ ದಾಖಲೆ ಎಂದೇ ಅವನು ತಿಳಿದಿದ್ದ. ಅವುಗಳಲ್ಲಿ ಕೆಲವು ಜನರ ಖಾಸಗಿ ವಿವರದವು. ಪೊಲೀಸರು ಮನೆಗೆ ನುಗ್ಗಿದರು. ಮುಂದಿನ ತಿಂಗಳು ಕೇಸು ಕೈಬಿಟ್ಟರು. ನಮ್ಮಲ್ಲೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, ಒಡೆಯನ ಅನುಮತಿ ಇಲ್ಲದೆ ಕಂಪ್ಯೂಟರಿನೊಳಗೆ ಹೋಗುವುದನ್ನೂ ಅಲ್ಲಿಂದ ನಕಲು ತೆಗೆಯುವುದನ್ನೂ ತಪ್ಪೆನ್ನುತ್ತದೆ. ಮೋಸದ ಉದ್ದೇಶವಿದ್ದರೆ ಮೂರು ವರ್ಷದವರೆಗೆ ಜೈಲು. 2023ರಲ್ಲಿ ಅಂಗೀಕಾರವಾದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಇಟ್ಟುಕೊಂಡವರ ಮೇಲೆ ಹೊಣೆ ಹೊರಿಸಿದೆ, ದಂಡ 250 ಕೋಟಿ ರೂಪಾಯಿವರೆಗೂ ಇದೆ. ಕಂಡು ಬಂದು ಹೇಳಿದವನನ್ನು ಕಾಪಾಡುವ ಮಾತು ಮಾತ್ರ ಅದರಲ್ಲಿಲ್ಲ. ನನ್ನ ಹುಡುಗ ನನ್ನ ಹತ್ತಿರ ಬಂದದ್ದು ನಾನು ಅವನ ಟೀಚರು ಎಂಬ ಧೈರ್ಯದಿಂದ. ಗುರುತಿಲ್ಲದ ಕಚೇರಿಗಳಿಗೆ ತಾನು ಹೆಸರು ಹಾಕದೆ ಬರೆಯುತ್ತೇನೆ ಎಂದಿದ್ದ.

ಇಷ್ಟು ಹೇಳಿ ನಾನು ಹುಡುಕುವವರ ಪರ ನಿಂತುಬಿಟ್ಟೆ ಎಂದು ತಿಳಿಯಬೇಡಿ. ಅದೇ ಸಾಲುಗಳನ್ನು ಕಳ್ಳನೂ ಬರೆಯುತ್ತಾನೆ. 2014ರಲ್ಲಿ ಅಮೆರಿಕದ ಎಫ್‌ಬಿಐ ಮತ್ತಿತರ ಸಂಸ್ಥೆಗಳು ಈ ಹುಡುಕಾಟದ ಬಗ್ಗೆಯೇ ಎಚ್ಚರಿಕೆಯ ಸುತ್ತೋಲೆ ಹೊರಡಿಸಿದ್ದವು. ಕಳ್ಳನ ಮಾತಿರಲಿ, ನನ್ನದೇ ಕಥೆ ಇದೆ.

ಆ ಆಷಾಢ ಕಳೆದು ಶ್ರಾವಣದಲ್ಲಿ ಒಂದು ರಾತ್ರಿ ನಿದ್ದೆ ಬಾರದೆ, ಹುಡುಗ ಬರೆದ ಹಾಗೆಯೇ ಒಂದು ಸಾಲು ಬರೆದು ನೋಡಿದೆ. ನಮ್ಮ ಶಾಲೆಯದು ಇನ್ನೂ ಎಲ್ಲಾದರೂ ಉಳಿದಿದೆಯೇ ಎಂದು ಪರೀಕ್ಷಿಸಲು. ನಿಜವಾಗಿ ಅದಕ್ಕೇ. ನಮ್ಮದು ಬರಲಿಲ್ಲ. ಹತ್ತಿರದ ಊರಿನ ಒಂದು ಸಹಕಾರ ಸಂಘದ ಸಾಲಗಾರರ ಪಟ್ಟಿ ಬಂತು. ನಾನು ಅಲ್ಲಿಗೇ ಮುಚ್ಚಬಹುದಿತ್ತು. ತೆರೆದೆ. ತೆರೆದು ಮೊದಲ ಪುಟದಲ್ಲೇ ಮುಚ್ಚಬಹುದಿತ್ತು. ಕೊನೆಯವರೆಗೆ ಓದಿದೆ. ಹನ್ನೊಂದನೆಯದೋ ಹನ್ನೆರಡನೆಯದೋ ಪುಟದಲ್ಲಿ ನನಗೆ ಬಹಳ ಬೇಕಾದವರೊಬ್ಬರ ಹೆಸರು, ಅಸಲು, ಬಡ್ಡಿ, ಎಷ್ಟು ಕಂತು ಬಾಕಿ ಎಂಬುದೆಲ್ಲ ಇತ್ತು. ಅವರು ಆ ವರ್ಷವಷ್ಟೇ ಮಗಳ ಮದುವೆಯನ್ನು ಭರ್ಜರಿಯಾಗಿ ಮಾಡಿದ್ದರು. ನಾವೆಲ್ಲ ಊಟ ಮಾಡಿ ಬಂದಿದ್ದೆವು. ಓದಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದದ್ದು ಕನಿಕರ ಎಂದು ಹೇಳಿದರೆ ಸುಳ್ಳಾಗುತ್ತದೆ. 'ಓಹೋ' ಎಂದು ಎದ್ದಿತು. ಕನಿಕರ ಆಮೇಲೆ ಬಂತು.

ಸಂಘಕ್ಕೆ ಫೋನು ಮಾಡಲು ನನಗೆ ಮೂರು ದಿನ ಬೇಕಾಯಿತು. ಮಾಡಿದರೆ ನಾನು ನೋಡಿದೆ ಎಂದು ಒಪ್ಪಿಕೊಳ್ಳಬೇಕು. ಯಾಕೆ ನೋಡಿದಿರಿ ಎಂದು ಕೇಳಿದರೆ? ನಾನೇ ಕೇಳಿದ್ದೆನಲ್ಲ. ಕೊನೆಗೆ ಮಾಡಿದೆ. ಅಲ್ಲಿನವರು ಬೇಸರವನ್ನೂ ಮಾಡಿಕೊಳ್ಳಲಿಲ್ಲ, ಕೃತಜ್ಞತೆಯನ್ನೂ ಹೇಳಲಿಲ್ಲ. "ಕಂಪ್ಯೂಟರ್ ಹುಡುಗ ರಜೆ ಮೇಲಿದಾನೆ ಮೇಡಂ, ಬಂದ ಮೇಲೆ ನೋಡಣ" ಎಂದರು. ಹುಡುಗ ದೀಪಾವಳಿಯವರೆಗೂ ರಜೆಯಲ್ಲಿದ್ದನೋ ಏನೋ. ಮೂರನೆಯ ಸಲ ಫೋನು ಮಾಡಿದ ಮೇಲೆ ಪಟ್ಟಿ ಹೋಯಿತು. ಆ ಮನೆಯವರು ಈಗಲೂ ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾರೆ. ನಾನು ಅವರ ಕೊರಳಿನ ಸರ ನೋಡದಿರಲು ಪ್ರಯತ್ನಿಸುತ್ತೇನೆ.

ಆದ್ದರಿಂದ ನೋಟಕ್ಕೆ ಪಾಪವೇ ಇಲ್ಲ ಎಂದು ವಾದಿಸುವ ಯೋಗ್ಯತೆ ನನಗಿಲ್ಲ. ನನ್ನ ಹುಡುಗನೂ ಸ್ವಲ್ಪ ಹೆಚ್ಚು ನೋಡಿದ್ದ. ಪಟ್ಟಿ ಯಾವುದೆಂದು ತಿಳಿಯಲು ಮೇಲಿನ ಎರಡು ಸಾಲು ಸಾಕಿತ್ತು. ಅವನು ಬಲಗಡೆಯ ಕೊನೆಯ ಕಾಲಂವರೆಗೆ ಸರಿಸಿ ಓದಿದ್ದ. ಅವನೇ ಹೇಳಿದ. ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಆದರೆ ಅವನು ಓದಿದ ಎಂಟು ಗಂಟೆಯೊಳಗೆ ರಾತ್ರಿ ಬಸ್ಸು ಹತ್ತಿದ್ದ. ಫೋನಿನಲ್ಲಿ ಹೇಳಿದರೆ ನಾನು ಗಾಬರಿಯಾಗುತ್ತೇನೆ ಎಂದು ಬಂದನಂತೆ. ನಾನು ಮೂರು ದಿನ ಸುಮ್ಮನಿದ್ದೆ. ನಮ್ಮಿಬ್ಬರ ನಡುವೆ ಇರುವ ಅಂತರ ಅಷ್ಟು.

ತೆರೆದ ಬಾಗಿಲಿನ ದೃಷ್ಟಾಂತದಲ್ಲಿ ಒಂದು ಕೊರತೆಯಿದೆ. ಅದನ್ನು ಹೇಳುವಾಗಲೆಲ್ಲ ನಮ್ಮ ಕಣ್ಣ ಮುಂದೆ ಇಬ್ಬರೇ ಇರುತ್ತಾರೆ, ಮನೆಯ ಒಡೆಯ ಮತ್ತು ದಾರಿಹೋಕ. ತಪ್ಪು ಇವನದೋ ಅವನದೋ ಎಂದು ನ್ಯಾಯ ನಡೆಯುತ್ತದೆ. ಆ ಮತದಾರರ ಬಕೆಟ್ಟಿನಲ್ಲಾಗಲಿ, ಪಿಂಚಣಿಯ ಪಟ್ಟಿಯಲ್ಲಾಗಲಿ, ನನ್ನ ಪಟ್ಟಿಯಲ್ಲಾಗಲಿ ಇದ್ದದ್ದು ಒಡೆಯನ ಸೊತ್ತಲ್ಲವಲ್ಲ. ಯಾರೋ ನಂಬಿ ಇಟ್ಟುಹೋದದ್ದು. ಅವರು ಬಾಗಿಲನ್ನೂ ತೆರೆಯಲಿಲ್ಲ, ಒಳಗೂ ಇಣುಕಲಿಲ್ಲ. ನಾವಿಬ್ಬರು ಜಗಲಿಯಲ್ಲಿ ಜಗಳವಾಡಿದ ಸಂಜೆ ಅವರಲ್ಲಿ ಒಬ್ಬರಿಗೂ ವಿಷಯವೇ ಗೊತ್ತಿರಲಿಲ್ಲ.

ಷರಾ ಕಾಲಮ್ಮಿನ ಮಾತು ಬಾಕಿ ಇದೆ. ಅದರಲ್ಲಿ ಹೆಚ್ಚಿನವು 'ಖಾತೆ ಆಧಾರಿಗೆ ಜೋಡಣೆಯಾಗಿಲ್ಲ', 'ಆದಾಯ ಪತ್ರ ಬಾಕಿ' ಎಂಬಂಥವು. ಒಂಬತ್ತನೇ ತರಗತಿಯ ಒಬ್ಬಳು ಹುಡುಗಿಯ ಎದುರು ನಾನು ಹೀಗೆ ಬರೆದಿದ್ದೆ: 'ತಂದೆ ಜೈಲಿನಲ್ಲಿ. ಮಗಳಿಗೆ ತಿಳಿಸಿಲ್ಲ, ಗೋವಾದಲ್ಲಿ ಕೆಲಸ ಎಂದು ಹೇಳಿದ್ದಾರೆ. ಯಾರೂ ಕೇಳಬಾರದು.' ತಂದೆಯ ಸಹಿ ಎಲ್ಲಿ ಎಂದು ತರಗತಿಯಲ್ಲಿ ಎಲ್ಲರೆದುರು ಕೇಳಿ ಯಾರಾದರೂ ಆ ಮಗುವನ್ನು ನೋಯಿಸಬಾರದೆಂದು ಬರೆದದ್ದು. ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಯಾರೂ ಕೇಳಬಾರದು ಎಂದು ಲೋಕಕ್ಕೆಲ್ಲ ಸಾರಿ ಹೇಳಿದಂತಾಯಿತು. ಆ ವಯಸ್ಸಿನ ಮಕ್ಕಳು ತಮ್ಮ ಹೆಸರನ್ನು ಗೂಗಲ್ಲಿನಲ್ಲಿ ಹುಡುಕಿಕೊಳ್ಳುತ್ತಾರೆ. ನಾನೂ ಹುಡುಕಿಕೊಂಡಿದ್ದೇನೆ.

(ಇಲ್ಲಿ ಊರು, ಸಂಬಂಧ, ಕಾರಣ ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲೇ ಎಂದು ತಾಯಿಯನ್ನು ಕೇಳಿದ್ದೇನೆ.)

ಮುಖ್ಯೋಪಾಧ್ಯಾಯರಿಗೆ ಮರುದಿನವೇ ಹೇಳಿದೆ. ಮುಚ್ಚಿ ಆಯಿತಲ್ಲ, ಇನ್ನು ಯಾರಿಗೂ ಹೇಳಿ ಗಾಬರಿ ಹುಟ್ಟಿಸುವುದು ಬೇಡ ಎಂದರು. ಆ ಮಾತಿನಲ್ಲಿ ವಿವೇಕ ಇಲ್ಲದೆ ಇಲ್ಲ. ಇನ್ನೂರು ಮನೆಗಳಿಗೆ ಹೋಗಿ ನಿಮ್ಮ ಖಾತೆ ನಂಬರು ಬೀದಿಯಲ್ಲಿ ಬಿದ್ದಿತ್ತು ಎಂದರೆ ಅವರು ಮಾಡುವುದಾದರೂ ಏನು? ಆದರೂ ಪೋಷಕರ ಸಭೆಯಲ್ಲಿ, ಬ್ಯಾಂಕಿನ ಹೆಸರಿನಲ್ಲಿ ಫೋನು ಬಂದರೆ ಒಟಿಪಿ ಹೇಳಬೇಡಿ, ಮಕ್ಕಳ ವಿವರ ಶಾಲೆಯಿಂದ ಹೊರಗೆ ಹೋಗಿರಬಹುದು ಎಂದು ಹೇಳಿದೆ. ಹೆಚ್ಚಿನವರು ತಲೆಯಾಡಿಸಿ ಹೋದರು. ಒಬ್ಬರು ಮಾತ್ರ, "ಹೋಗಿರಬಹುದು ಅಂದರೆ ಹೋಗಿದೆ ಅಂತಲೇ ಅಲ್ವಾ ಮೇಡಂ?" ಎಂದು ಕೇಳಿದರು. ಹೌದು ಎಂದೆ. ಮುಖ್ಯೋಪಾಧ್ಯಾಯರು ಆ ದಿನ ನನ್ನೊಡನೆ ಮಾತಾಡಲಿಲ್ಲ.

ಹುಡುಗಿಯ ತಾಯಿ ಆ ಸಭೆಗೆ ಬಂದಿರಲಿಲ್ಲ. ಅವಳಿಗೆ ಹೇಳುವುದೇ ಬೇಡವೇ ಎಂದು ನಾನು ತಿಂಗಳುಗಟ್ಟಲೆ ತೂಗಿ ನೋಡಿದೆ. ಹೇಳದಿದ್ದರೆ ಅವಳು ನೆಮ್ಮದಿಯಾಗಿರುತ್ತಾಳೆ. ಯಾರೂ ನೋಡದೆಯೂ ಇರಬಹುದು. ಹೇಳಿ ನನ್ನ ಮನಸ್ಸಿನ ಭಾರವನ್ನು ಅವಳ ತಲೆಗೆ ವರ್ಗಾಯಿಸುವುದು ಯಾವ ನ್ಯಾಯ? ಇನ್ನೊಂದು ಕಡೆ, ಅವಳ ಮಗಳಿಗೆ ಬೇರೆ ಯಾರಿಂದಲೋ ತಿಳಿದುಬಿಟ್ಟರೆ? ಮೊದಲು ತಾನೇ ಹೇಳುವ ಅವಕಾಶವನ್ನಾದರೂ ಅವಳಿಗೆ ಕೊಡಬೇಡವೇ? ಅಡಿಕೆ ಕೊಯಿಲಿನ ಕಾಲ ಬಂದಾಗ, ಅವಳು ಸುಲಿಯಲು ಹೋಗುತ್ತಿದ್ದ ಮನೆಯ ಅಂಗಳಕ್ಕೇ ಹೋದೆ. ಉಳಿದವರು ಊಟಕ್ಕೆ ಎದ್ದಿದ್ದರು. ಅವಳು ಕತ್ತಿಮಣೆಯ ಮೇಲೆ ಕೂತೇ ಕೇಳಿಸಿಕೊಂಡಳು. ಕಂಪ್ಯೂಟರು, ಲಿಂಕು ಎಂದು ನಾನು ವಿವರಿಸುತ್ತಿದ್ದುದನ್ನು ಅರ್ಧದಲ್ಲೇ ತಡೆದು, "ಬರೆದಿದ್ದು ಯಾರು?" ಎಂದಳು.

"ನಾನೇ."

"ನಾನು ನಿಮಗೊಬ್ರಿಗೇ ಹೇಳಿದ್ದು ಟೀಚರಮ್ಮ" ಎಂದಳು.

ಅಷ್ಟೇ ಅಂದದ್ದು. ಅಡಿಕೆ ಸುಲಿಯುವುದನ್ನು ಮುಂದುವರಿಸಿದಳು. ನೋಡಿದವರು ಯಾರು ಎಂದು ಅವಳು ಕೇಳಲೇ ಇಲ್ಲ. ನಾನು ಆ ಪ್ರಶ್ನೆಗೇ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಹೊರಡುವಾಗ, ಮಗಳಿಗೆ ಶಿವರಾತ್ರಿಯ ಹೊತ್ತಿಗೆ ತಾನೇ ಹೇಳುವುದಾಗಿ ಹೇಳಿದಳು. ಹೇಳಿದಳೋ ಇಲ್ಲವೋ ನಾನು ವಿಚಾರಿಸಿಲ್ಲ. ಹುಡುಗಿ ಪಿಯುಸಿ ಮುಗಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ನಮಸ್ಕಾರ ಮೇಡಂ ಎನ್ನುತ್ತಾಳೆ.

ಪ್ರತಿ ಜೂನಿನಲ್ಲಿ ವಿದ್ಯಾರ್ಥಿವೇತನದ ನಮೂನೆ ಬರುತ್ತದೆ. ಪಟ್ಟಿಗೆ ಈಗ ಪಾಸ್‌ವರ್ಡ್ ಇದೆ, ತೆರೆಯುವ ಅನುಮತಿ ಮೂವರಿಗೆ ಮಾತ್ರ. ಹಿಂದಿ ಮೇಷ್ಟ್ರು ಈಗಲೂ ಫೋನು ಮಾಡಿ ಗೊಣಗುತ್ತಾರೆ. ಷರಾ ಎಂಬ ಕಾಲಂ ಇದ್ದೇ ಇದೆ. ನಾನು ಅದರಲ್ಲಿ ಏನನ್ನೂ ಬರೆಯುವುದನ್ನು ಬಿಟ್ಟಿದ್ದೇನೆ. ಹೇಳಬೇಕಾದದ್ದಿದ್ದರೆ ಆಯಾ ತರಗತಿಯ ಶಿಕ್ಷಕರನ್ನು ಕರೆದು ಬಾಯಲ್ಲಿ ಹೇಳುತ್ತೇನೆ. ಕೆಲವೊಮ್ಮೆ ಮರೆತುಹೋಗುತ್ತದೆ. ಕಳೆದ ಸಲ ಷರಾ ಇಲ್ಲದ ಕಾರಣಕ್ಕೆ ಇಬ್ಬರು ಮಕ್ಕಳ ಅರ್ಜಿ ಹಿಂದಕ್ಕೆ ಬಂದು ಹಣ ತಡವಾಯಿತು ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಅದರಲ್ಲಿ ಒಬ್ಬನಿಗೆ ಆ ತಿಂಗಳ ಬಸ್ ಪಾಸಿನ ದುಡ್ಡನ್ನು ನಾನೇ ಕೊಟ್ಟೆ. ಇನ್ನೊಬ್ಬಳು ಬೇಡ ಎಂದಳು.